‘ಒಲ್ಲೆ’ ಎನ್ನುವ ಬಲ

ಆಗಸ್ಟ್ ಕೊನೆಗೆ ಹೆಸರಿನ ರಾಶಿ ಮುಗಿಯುವ ಹೊತ್ತಿಗೆ ಗದಗ ತಾಲ್ಲೂಕಿನ ಹರ್ತಿಯಂಥ ಊರುಗಳಲ್ಲಿ ಬೆಳಗಿನ ಮಾತು ಮಳೆಯಿಂದ ಶುರುವಾಗಿ ಧಾರಣೆಗೆ ಬಂದು ನಿಲ್ಲುತ್ತದೆ. ‘ಇವತ್ತ ಗದಗಿನಾಗ ಹೆಸರ ಎಷ್ಟಕ್ಕ ಹೋಗ್ಯಾವಪಾ ತಮ್ಮಾ?’ ಎಂದು ಗುಡಿಕಟ್ಟೆಯ ಮೇಲಿನ ಹಿರಿಯರು ಕೇಳಿದರೆ, ಹುಡುಗ ಕಿಸೆಯಿಂದ ಫೋನು ತೆಗೆಯುತ್ತಾನೆ. ‘ಎಂಟ ಸಾವಿರದ ಮ್ಯಾಲ ಅದಾವ ನೋಡ್ರಿ ಕಾಕಾ’ ಎಂದು ವಾಟ್ಸ್‌ಆ್ಯಪ್ ಗುಂಪಿಗೆ ಬಂದ ಮಾರಾಟದ ಪಟ್ಟಿಯ ಫೋಟೊ ಹಿಗ್ಗಿಸಿ ತೋರಿಸುತ್ತಾನೆ. ಮೊದಲು ಇದೇ ಸುದ್ದಿಗೆ ರೇಡಿಯೊಕ್ಕೋ, ಮರುದಿನದ ಪತ್ರಿಕೆಗೋ, ಪೇಟೆಗೆ ಹೋಗಿ ಬಂದವರ ಬಾಯಿಗೋ ಕಾಯಬೇಕಿತ್ತು. ಈಗ ಲಿಲಾವು ಮುಗಿದ ಅರ್ಧ ತಾಸಿನಲ್ಲಿ ಧಾರಣೆ ಊರು ಸೇರಿರುತ್ತದೆ.

ಇದು ಸಣ್ಣ ಬದಲಾವಣೆಯಲ್ಲ. ಪೇಟೆಯ ಬೆಲೆ ಗೊತ್ತಿಲ್ಲದವನ ಕಣದ ಬಾಗಿಲಿಗೇ ಬಂದು ಅಗ್ಗಕ್ಕೆ ತೂಗಿಸಿಕೊಂಡು ಹೋಗುವುದು ಇಂದು ಸುಲಭವಲ್ಲ. ಸರಕಾರವೂ ಈ ದಾರಿಯಲ್ಲಿ ದೊಡ್ಡ ಹೆಜ್ಜೆಯನ್ನೇ ಇಟ್ಟಿತು. 2014ರಲ್ಲಿ ಕರ್ನಾಟಕ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ತಂದಿತು. ಎರಡು ವರ್ಷದ ಬಳಿಕ, 2016ರ ಏಪ್ರಿಲ್ 14ರಂದು, ಕೇಂದ್ರದ ಆನ್‌ಲೈನ್ ಕೃಷಿ ಮಾರುಕಟ್ಟೆ ಇ-ನಾಮ್ ಶುರುವಾಯಿತು. ರಾಜ್ಯದ ವೇದಿಕೆಯಲ್ಲಿ ಪೇಟೆಯ ಗೇಟಿನಲ್ಲೇ ಮಾಲಿಗೆ ಲಾಟ್ ನಂಬರು ಬೀಳುತ್ತದೆ, ಖರೀದಿದಾರರು ಮಾಲು ನೋಡಿ ತಂತಮ್ಮ ದರವನ್ನು ಕಂಪ್ಯೂಟರಿಗೆ ಹಾಕುತ್ತಾರೆ, ಹೊತ್ತು ಮುಗಿದ ಮೇಲೆ ಹೆಚ್ಚು ಕೂಗಿದವರ ದರ ಹೊರಬೀಳುತ್ತದೆ. ಒಬ್ಬರ ದರ ಇನ್ನೊಬ್ಬರಿಗೆ ಕಾಣದ ಕಾರಣ, ಕಣ್ಸನ್ನೆಯಲ್ಲೇ ಬೆಲೆ ಕಟ್ಟಿಹಾಕುವ ಹಳೆಯ ಆಟಕ್ಕೆ ಇಲ್ಲಿ ಎಡೆ ಕಡಿಮೆ. ಇದನ್ನು ಮನಸಾರೆ ಒಪ್ಪಬೇಕು.

ಆದರೆ ಆ ಹುಡುಗನ ಫೋನಿನಲ್ಲಿರುವ ಪಟ್ಟಿಯನ್ನು ಇನ್ನೊಮ್ಮೆ ನೋಡೋಣ. ದಲಾಲಿ ಅಂಗಡಿಯ ಹೆಸರು, ಚೀಲದ ಲೆಕ್ಕ, ತೂಕ, ದರ, ಕೆಳಗೆ ಹಮಾಲಿ ಮತ್ತು ಬಾಡಿಗೆ. ಕಾಳು ಎಷ್ಟು ಒಣಗಿತ್ತು, ಎಷ್ಟು ದಪ್ಪವಿತ್ತು, ಮಳೆಗೆ ಸಿಕ್ಕು ಬಣ್ಣ ಕೆಟ್ಟಿತ್ತೋ ಇಲ್ಲವೋ ಎಂಬುದು ಅದರಲ್ಲಿಲ್ಲ. ಎಲ್ಲಕ್ಕಿಂತ ಒಳ್ಳೆಯ ದರ ಸಿಕ್ಕವರು ಫೋಟೊ ಹಾಕುತ್ತಾರೆ. ಕಡಿಮೆ ಸಿಕ್ಕವರು ಪಟ್ಟಿ ಮಡಚಿ ಕಿಸೆಗಿಟ್ಟುಕೊಂಡು ಸುಮ್ಮನೆ ಮನೆಗೆ ಹೋಗುತ್ತಾರೆ. ಹೀಗೆ ಒಂದು ಲಾಟಿನ ದರ ಇಡೀ ಪೇಟೆಯ ದರವೆಂಬಂತೆ ಹತ್ತು ಊರಿಗೆ ಹರಡುತ್ತದೆ. ಮರುದಿನ ಟ್ರ್ಯಾಕ್ಟರುಗಳು ಸಾಲುಗಟ್ಟುತ್ತವೆ, ಆವಕ ಏರುತ್ತದೆ, ದರ ಇಳಿಯುತ್ತದೆ. ಪಟ್ಟಿಯಲ್ಲಿ ಸುಳ್ಳಿಲ್ಲ, ಅದನ್ನು ಕಳಿಸಿದವರಲ್ಲಿ ಮೋಸವಿಲ್ಲ. ಆದರೂ ನಂಬಿ ಹೊರಟವರಿಗೆ ನಷ್ಟ. ಈ ರೂಢಿಯ ಮೊದಲ ಕೊರತೆ ಇದು.

ಎರಡನೆಯದು ಇನ್ನೂ ಆಳದ್ದು. 2022ರ ನವೆಂಬರಿನಲ್ಲಿ ಗದಗ ಜಿಲ್ಲೆಯ ರೈತರೊಬ್ಬರ ಈರುಳ್ಳಿ ಪಟ್ಟಿ ದೇಶವೆಲ್ಲ ಓಡಾಡಿತು. ಬೆಂಗಳೂರಿನ ಯಶವಂತಪುರಕ್ಕೆ ಒಯ್ದ 205 ಕೆ.ಜಿ. ಈರುಳ್ಳಿಗೆ ಕ್ವಿಂಟಲಿಗೆ 200 ರೂಪಾಯಿಯಂತೆ ಬಂದದ್ದು 410 ರೂಪಾಯಿ. ಬಾಡಿಗೆ, ಹಮಾಲಿ ಕಳೆದು ಕೈಗೆ ಉಳಿದದ್ದು 8 ರೂಪಾಯಿ 36 ಪೈಸೆ. ಟ್ವಿಟರಿನಲ್ಲಿ ಆ ಚೀಟಿ ಕಂಡವರೆಲ್ಲ ಮರುಗಿದರು, ಪತ್ರಿಕೆಗಳು ಬರೆದವು, ಟಿ.ವಿ.ಗಳು ತೋರಿಸಿದವು. ಒಬ್ಬ ರೈತನ ಸಂಕಟ ಇಷ್ಟು ಬೇಗ ಇಷ್ಟು ಜನಕ್ಕೆ ಮುಟ್ಟಿದ್ದು ಹೊಸ ಮಾಧ್ಯಮದ ಶಕ್ತಿಯೇ ಸರಿ. ಆದರೆ ಆ ಪಟ್ಟಿಯನ್ನು ಎಷ್ಟು ಲಕ್ಷ ಜನ ಹಂಚಿಕೊಂಡರೂ ಅದರಲ್ಲಿ ಒಂದು ಅಂಕಿಯೂ ಬದಲಾಗಲಿಲ್ಲ. ಮಾರಾಟ ಮುಗಿದ ಮೇಲಿನ ಮರುಕ ಅದು. ಮಾರುವ ಮುಂಚೆ ಬೇಕಾದದ್ದು ಬೇರೆ.

ಏನದು? ‘ಈ ದರಕ್ಕೆ ಒಲ್ಲೆ’ ಎನ್ನುವ ಬಲ. ಆನ್‌ಲೈನ್ ಟೆಂಡರಿನಲ್ಲಿ ಈ ಹಕ್ಕು ರೈತನಿಗೆ ಇದೆ. ಬಂದ ದರ ಮನಸ್ಸಿಗೆ ಬಾರದಿದ್ದರೆ ಮಾಲು ಕೊಡಬೇಕಿಲ್ಲ. ಆದರೆ ಬಿತ್ತನೆಗೆ ದಲಾಲರ ಹತ್ತಿರವೇ ಮುಂಗಡ ತಂದವನು ಒಲ್ಲೆ ಎನ್ನುವುದು ಹೇಗೆ? ಟ್ರ್ಯಾಕ್ಟರ್ ಬಾಡಿಗೆ ಕೊಟ್ಟು ತಂದ ಚೀಲಗಳನ್ನು ಮತ್ತೆ ಬಾಡಿಗೆ ಕೊಟ್ಟು ಊರಿಗೆ ಒಯ್ಯುವುದು ಹೇಗೆ? ಹಸಿ ಕಾಳು ಒಣಗಿಸಲು ಕಣವಿಲ್ಲ, ಇಡಲು ಗೋದಾಮಿಲ್ಲ, ಮೇಲೆ ಮೋಡ ಕವಿದಿದೆ. ಆಗ ಹಕ್ಕು ಪರದೆಯ ಮೇಲೇ ಉಳಿಯುತ್ತದೆ.

ಗದಗಿನ ಜೋಡಿ ಊರು ಬೆಟಗೇರಿಯ ನೇಕಾರಿಕೆಗೂ ಇದೇ ಅಳತೆಕೋಲು ಹಿಡಿಯಬಹುದು. ಸ್ವಂತ ನೂಲು ಹಾಕಿ ನೇಯ್ದ ಸೀರೆಯ ಫೋಟೊವನ್ನು ಫೋನಿನಿಂದಲೇ ದೂರದ ಊರಿನವರಿಗೆ ಕಳಿಸಿ, ಯುಪಿಐನಲ್ಲಿ ಹಣ ಪಡೆದು, ಅಂಚೆಯಲ್ಲಿ ಸೀರೆ ಕಳಿಸುವುದು ಈಗ ಸಾಧ್ಯ. ನಡುವಿನವರ ಪಾಲು ನೇಕಾರರಿಗೇ ಉಳಿಯುತ್ತದೆ. ಆದರೆ ಧಣಿಯ ನೂಲಿಗೆ ಮಜೂರಿಯ ಮೇಲೆ ನೇಯುವವರ ಕೈಯಲ್ಲಿ ಅದೇ ಫೋನಿದ್ದರೂ ಮಾರಲು ಅವರದೆನ್ನುವ ಸೀರೆಯೇ ಇಲ್ಲ. ಮಾಲಿನ ಮೇಲೆ ಹಿಡಿತ ಇದ್ದವರಿಗೆ ಫೋನು ಅಂಗಡಿಯಾಗುತ್ತದೆ, ಇಲ್ಲದವರಿಗೆ ಬರಿಯ ಕಿಟಕಿ.

ಈ ಹಿಡಿತ ಹೇಗೆ ಬರುತ್ತದೆ ಎಂಬುದನ್ನು ಇದೇ ಗದಗ ತಾಲ್ಲೂಕು ನೂರಿಪ್ಪತ್ತು ವರ್ಷದ ಹಿಂದೆಯೇ ತೋರಿಸಿದೆ. 1904ರಲ್ಲಿ ಸಹಕಾರ ಕಾಯ್ದೆ ಬಂತು. 1905ರಲ್ಲಿ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಏಷ್ಯಾಕ್ಕೇ ಮೊದಲನೆಯದೆಂದು ಇಂದಿಗೂ ನೆನೆಯುವ ಸಂಘ ಅದು. ಸಾವಕಾರರ ಸಾಲದ ಬಿಗಿಯಿಂದ ಬಿಡಿಸಿಕೊಳ್ಳಲು ಊರವರು ತಮ್ಮ ಸಣ್ಣ ಸಣ್ಣ ಹಣವನ್ನು ಒಟ್ಟುಗೂಡಿಸಿದರು. ಆಗ ಅವರಿಗೆ ಫೋನಿರಲಿಲ್ಲ, ತಾಜಾ ಧಾರಣೆಯೂ ಇರಲಿಲ್ಲ. ಒಬ್ಬರಿಗೊಬ್ಬರು ಜಾಮೀನಾಗುವ ನಂಬಿಕೆ ಇತ್ತು. ಇಂದಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನೂರಾರು ಜನ ಇದ್ದಾರೆ, ಆದರೆ ಚೀಲ ಹೊತ್ತು ಪೇಟೆಗೆ ಹೋಗುವಾಗ ಪ್ರತಿಯೊಬ್ಬರೂ ಒಂಟಿ.

ಗುಂಪು ಬೇಡವೆಂದು ನಾನು ಹೇಳುತ್ತಿಲ್ಲ. ಅದನ್ನು ಸಂಘವಾಗಿಸಬೇಕು ಎನ್ನುತ್ತಿದ್ದೇನೆ. ಪಟ್ಟಿಯ ಜೊತೆಗೆ ತಾರೀಖು, ಕಾಳಿನ ತೇವ, ಗುಣಮಟ್ಟವನ್ನೂ ಬರೆಯುವ ಶಿಸ್ತು ಬರಲಿ. ಹೆಚ್ಚಿನ ದರದೊಂದಿಗೆ ಕಡಿಮೆ ದರವನ್ನೂ, ಬಹುಪಾಲು ಮಾಲು ಮಾರಾಟವಾದ ದರವನ್ನೂ ಹಾಕಲಿ. ‘ಈ ವಾರ ಯಾರ್‍ಯಾರು ಮಾರುತ್ತೀರಿ’ ಎಂದು ಅದೇ ಗುಂಪಿನಲ್ಲಿ ಕೇಳಿ, ಹತ್ತು ಮನೆಯ ಮಾಲು ಒಂದೇ ಗಾಡಿಯಲ್ಲಿ ಹೋಗಲಿ. ಒಳ್ಳೆಯ ಧಾರಣೆ ಬರುವ ತನಕ ಮಾಲನ್ನು ಗೋದಾಮಿನಲ್ಲಿಟ್ಟು ಅಡಮಾನ ಸಾಲ ಪಡೆಯುವ ಹಾದಿಯ ಬಗ್ಗೆ ಅಲ್ಲಿ ಚರ್ಚೆಯಾಗಲಿ. ಇವಕ್ಕೆ ಹೊಸ ಯಂತ್ರ ಬೇಕಿಲ್ಲ; ಕೈಯಲ್ಲಿರುವ ಫೋನು ಸಾಕು, ಕಣಗಿನಹಾಳದ ಬುದ್ಧಿ ಬೇಕು.

ಧಾರಣೆಯ ಸುದ್ದಿ ಎಷ್ಟು ಬೇಗ ಬಂತು ಎಂಬುದರ ಮೇಲೆ ಈ ತಂತ್ರಜ್ಞಾನವನ್ನು ಇಷ್ಟು ದಿನ ಮೆಚ್ಚಿದ್ದಾಯಿತು. ಇನ್ನು ಮೇಲೆ ಗುಡಿಕಟ್ಟೆಯ ಆ ಹಿರಿಯರನ್ನು ನೋಡಿ ಬೆಲೆ ಕಟ್ಟೋಣ: ಫೋಟೊ ನೋಡಿದ ಬಳಿಕ ‘ಇವತ್ತ ಒಲ್ಲೆವು, ಮುಂದಿನ ವಾರ ಒಯ್ಯೋಣು’ ಎಂದು ಹೇಳಿ ಅವರು ನಿಶ್ಚಿಂತೆಯಿಂದ ಮನೆಗೆ ಹೋಗಬಲ್ಲರೆ?