ಹೊಟ್ಟೆ ಸೀಳಿದ ‘ಧ’

ಕಳೆದ ತಿಂಗಳು ಯುವ ಸಂಪಾದಕಿಯೊಬ್ಬರು ಆರು ಹಾಳೆ ಹಿಡಿದು ಮನೆಗೆ ಬಂದರು. ರೈತರಿಗಾಗಿ ಮಾಸಪತ್ರಿಕೆ ತರುತ್ತಿದ್ದಾರೆ. ಹೆಸರಿನಲ್ಲಿ ‘ಧಾನ್ಯ’ ಎಂಬ ಪದವಿದೆ. ಆರು ಫಾಂಟಿನಲ್ಲಿ ಆರು ಶೀರ್ಷಿಕೆ. ‘ಇದರಲ್ಲಿ ಯಾವುದು ಚೆಂದ ಸರ್?’ ಎಂದರು. ಆರನ್ನೂ ಗೋಡೆಗೆ ಅಂಟಿಸಿ, ಹತ್ತು ಹೆಜ್ಜೆ ಹಿಂದೆ ಸರಿದು ನೋಡಿದೆವು. ಮೂರರಲ್ಲಿ ಅದು ‘ದಾನ್ಯ’ ಆಗಿತ್ತು.

ಅಕ್ಷರ ದಪ್ಪವಿದ್ದರೆ ದನಿಯೂ ಗಟ್ಟಿ ಎಂದು ನಂಬಿ ಶೀರ್ಷಿಕೆಗೆ ಇದ್ದುದರಲ್ಲೇ ದಪ್ಪದ ಫಾಂಟ್ ಹಾಕುವವರು ಬಹಳ. ಆದರೆ ಕನ್ನಡದಲ್ಲಿ ‘ದ’ ಹೋಗಿ ‘ಧ’ ಆಗುವುದು ಹೊಟ್ಟೆಯ ಒಂದು ಸೀಳಿನಿಂದ. ‘ಥ’ ಆಗಲು ಒಂದು ಚುಕ್ಕಿ ಸಾಕು. ಗೆರೆ ದಪ್ಪವಾದಷ್ಟೂ ಒಳಗಿನ ಬಯಲು ಮುಚ್ಚಿಕೊಳ್ಳುತ್ತದೆ. ಅಗ್ಗದ ಕಾಗದದಲ್ಲಿ ಶಾಯಿ ಹರಡಿದರೆ ಉಳಿದ ಸೀಳೂ ಮಾಯ. 1965ರಲ್ಲಿ ಶುರುವಾದ ‘ಸುಧಾ’ ವಾರವಾರವೂ ಕಾಪಾಡಿಕೊಳ್ಳಬೇಕಾದದ್ದು ಈ ಸೀಳನ್ನೇ. ‘ತರಂಗ’ದ ಪಾಡು ಬೇರೆ: ‘ರ’ ಮತ್ತು ಸೊನ್ನೆ ಅಕ್ಕಪಕ್ಕ, ಕೈವಾರದಲ್ಲಿ ಎಳೆದಂಥ ಫಾಂಟಾದರೆ ಎರಡು ಬಳೆ ಜೋಡಿಸಿಟ್ಟಂತೆ ಕಾಣುತ್ತದೆ. ‘ಕಸ್ತೂರಿ’ಯ ತ-ಒತ್ತು ಕೆಳಗಿಳಿದು ಮುಖಪುಟದ ಚಿತ್ರದ ತಲೆಗೆ ತಾಗುತ್ತದೆ. ‘ಮಯೂರ’ಕ್ಕೆ ಒತ್ತಿನ ತಾಪತ್ರಯವೇ ಇಲ್ಲ. ಅದಕ್ಕೇ, ಫಾಂಟ್ ಪಟ್ಟಿ ತೆರೆಯುವ ಮೊದಲು ಪತ್ರಿಕೆಯ ಹೆಸರನ್ನು ಕೈಯಲ್ಲಿ ಹತ್ತು ಸಲ ಬರೆದು ನೋಡಿ ಎನ್ನುತ್ತೇನೆ.

ಓದುಗರು ಯಾರು ಎಂಬ ಪ್ರಶ್ನೆ ಆಮೇಲಿನದು. ಮಕ್ಕಳ ಪತ್ರಿಕೆಗೆ ‘ಬಾಲೂ ತಮ್ಮ’ ಫಾಂಟಿನಂಥ ಗುಂಡುಗುಂಡಾದ ಅಕ್ಷರ ಮುದ್ದಾಗಿ ಒಪ್ಪುತ್ತದೆ, ಆದರೆ ಶಾಲೆಯ ಪುಸ್ತಕದಲ್ಲಿ ಈಗಷ್ಟೇ ತಿದ್ದಿದ ಅಕ್ಷರದಿಂದ ಅದು ದೂರ ಹೋಗಬಾರದು. ಕಥೆ, ಕವಿತೆ, ವಿಮರ್ಶೆಯ ಪತ್ರಿಕೆಗೆ ನನ್ನ ಮನಸ್ಸು ‘ಟಿರೊ ಕನ್ನಡ’ದ ಕಡೆ ವಾಲುತ್ತದೆ. ಅದರ ದಪ್ಪ-ತೆಳುವಿನ ಏರಿಳಿತದಲ್ಲಿ ಹಳೆಯ ಮೊಳೆಯಚ್ಚಿನ ಗಾಂಭೀರ್ಯವಿದೆ.

ರೈತರ ಪತ್ರಿಕೆಗೆ ನಾನು ಸೂಚಿಸಿದ್ದು ‘ಅನೇಕ್ ಕನ್ನಡ’. ತೆಳುವಿನಿಂದ ಅತಿ ದಪ್ಪದವರೆಗೆ, ಕಿರಿದರಿಂದ ಅಗಲದವರೆಗೆ ಅದರಲ್ಲಿ ಎಲ್ಲ ಹದವೂ ಉಂಟು. ಹೆಸರು ಪುಟದಲ್ಲಿ ಹಿಡಿಸದಿದ್ದಾಗ ಡಿಟಿಪಿಯಲ್ಲಿ ಅಕ್ಷರವನ್ನು ಪಕ್ಕದಿಂದ ಹಿಂಡಿ ಕೂರಿಸುವುದು ನನಗೆ ನಿಜಕ್ಕೂ ನೋವಿನ ಸಂಗತಿ. ನಿಂತ ಗೆರೆ ಸೊರಗುತ್ತದೆ, ಮಲಗಿದ ಗೆರೆ ಹಾಗೇ ಉಳಿಯುತ್ತದೆ. ತಲೆಕಟ್ಟು ಹೊರಲಾರದ ಹೊರೆಯಾಗಿ ಕೂರುತ್ತದೆ. ಕಿರಿದಾಗಿಯೇ ರೂಪಿಸಿದ ಅಕ್ಷರದಲ್ಲಿ ಈ ಕೇಡಿಲ್ಲ.

ಆದರೂ ಫಾಂಟ್ ಅರ್ಧ ದಾರಿಯವರೆಗೆ ಮಾತ್ರ ಬರುತ್ತದೆ. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಹೊರಡಿಸಿದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನದು. ಮೊಳೆ ಜೋಡಿಸುವ ಕೆಲಸವೇ ಇಲ್ಲ, ಕೈಬರಹವೇ ಅಚ್ಚಾಯಿತು. ಕನ್ನಡ ಪತ್ರಿಕೆ ಹುಟ್ಟಿದ್ದೇ ಬರೆದ ಅಕ್ಷರದಲ್ಲಿ. ಇಂದಿಗೂ ಶೀರ್ಷಿಕೆಯನ್ನು ಒಬ್ಬ ಕಲಾವಿದರ ಕೈಗೆ ಒಮ್ಮೆ ಕೊಡಲೇಬೇಕು.

ಸಂಪಾದಕಿ ಹಾಗೇ ಮಾಡಿದರು. ದಪ್ಪವನ್ನು ಎರಡು ಮೆಟ್ಟಿಲು ಇಳಿಸಿ, ‘ಧ’ದ ಸೀಳನ್ನು ಎರಡು ಮಿಲಿಮೀಟರ್ ಅಗಲ ಮಾಡಿಸಿದರು. ‘ನ್ಯ’ದ ಯ-ಒತ್ತಿನ ಬಾಲ ಮುಂದಿನ ಅಕ್ಷರದ ಅಡಿಗೆ ನುಗ್ಗುತ್ತಿತ್ತು, ಅದನ್ನೂ ಮೊಟಕು ಮಾಡಿಸಿದರು. ಮಾದರಿ ಪುಟವನ್ನು ಬಸ್ ನಿಲ್ದಾಣದ ಅಂಗಡಿಯಲ್ಲಿ ಉಳಿದ ಪತ್ರಿಕೆಗಳ ನಡುವೆ ದಾರಕ್ಕೆ ಕ್ಲಿಪ್ ಹಾಕಿ ನೇತುಹಾಕಿ, ರಸ್ತೆಯಾಚೆಯಿಂದ ತಮ್ಮ ತಾತನಿಂದ ಓದಿಸಿದರಂತೆ. ತಾತ ‘ಧಾ’ವನ್ನು ಒತ್ತಿ ಓದಿದರಂತೆ.