ರಾಜ ಬಾಯಿ ಬಿಡದ ಕಥೆ: ಬೇತಾಳ ಓದುವ ಹೊಸ ರಸಿಕರಿಗೊಂದು ಕೈಪಿಡಿ

ಬೆಂಗಳೂರಿನ ನಮ್ಮ ಪೀಣ್ಯದಲ್ಲಿ ಸದ್ದು ಯಾರಿಗೂ ಕೇಳಿಸುವುದಿಲ್ಲ. ಲೇತು, ಪ್ರೆಸ್ಸು, ಗ್ರೈಂಡರು ಹಗಲೂ ರಾತ್ರಿ ಓಡುತ್ತಿರುತ್ತವೆ, ಕಿವಿ ಅದಕ್ಕೆ ಒಗ್ಗಿಹೋಗಿದೆ. ಕರೆಂಟು ಹೋದಾಗಲೇ ಎಲ್ಲರೂ ತಲೆ ಎತ್ತುವುದು. ಬೇತಾಳ ಕಥೆಗಳ 24ನೆಯ ಕಥೆಯನ್ನು ಯಾರಿಗೇ ಪರಿಚಯಿಸುವುದಿದ್ದರೂ ನಾನು ಇಲ್ಲಿಂದಲೇ ಶುರುಮಾಡುತ್ತೇನೆ. ಅದು ಕರೆಂಟು ಹೋಗುವ ಕಥೆ.

ಊರಿನ ನಡುವೆ ಮಾಯೆ ಸುಳಿದಾಡುವ ಕಥೆಗಳಿಗೆ ಈಗ ಅರ್ಬನ್ ಫ್ಯಾಂಟಸಿ ಎಂಬ ಹೆಸರಿದೆ. ಬೆಂಗಳೂರಿಗೆ ಅದು ಹೊಸದೇನಲ್ಲ. 1990ರ ದಶಕದಲ್ಲಿ ಇಲ್ಲಿನ ಎಷ್ಟೋ ಮನೆಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿತ್ತು. ರಾತ್ರಿ ಬಂದು ಕರೆಯುವ ದೆವ್ವ ಅದನ್ನು ಓದಿಕೊಂಡು ಹಿಂದಕ್ಕೆ ಹೋಗುತ್ತದೆ, ಮರುದಿನವೂ ಅದನ್ನೇ ಓದುತ್ತದೆ ಎಂಬ ನಂಬಿಕೆ. ದಿನ ಮುಂದೂಡಿದಷ್ಟೂ ಜೀವ ಉಳಿಯಿತು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಬೇತಾಳದ ಬೀಗಕ್ಕೂ ಇದೇ ಕೀಲಿಕೈ.

ಮೊದಲು ರೂಢಿಯಾಗಲಿ

ನೇರವಾಗಿ 24ನೆಯದಕ್ಕೆ ಹೋಗಬೇಡಿ. ಮುಂಚೆ ಐದಾರು ಕಥೆಯನ್ನಾದರೂ ಓದಿ. 2014ರಲ್ಲಿ ಪೀಣ್ಯಕ್ಕೆ ಮೆಟ್ರೊ ಬಂದಿತಲ್ಲ, ಸಂಪಿಗೆ ರಸ್ತೆಯಲ್ಲಿ ಹತ್ತಿ ಇಲ್ಲಿ ಇಳಿಯುವಷ್ಟರಲ್ಲಿ ಒಂದೆರಡು ಮುಗಿಯುತ್ತವೆ. ಒಬ್ಬ ಭಿಕ್ಷು ಕಳಿಸಿದ್ದಕ್ಕೆ ರಾಜ ತ್ರಿವಿಕ್ರಮ ಮರದಿಂದ ಹೆಣ ಇಳಿಸಿ ಹೆಗಲಿಗೇರಿಸುತ್ತಾನೆ, ಅದರೊಳಗಿನ ಬೇತಾಳ ಕಥೆ ಹೇಳಿ ಪ್ರಶ್ನೆ ಕೇಳುತ್ತದೆ. ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ತಲೆ ಸಿಡಿಯುತ್ತದೆ. ಉತ್ತರ ಹೇಳಿದರೆ ಬೇತಾಳ ಮತ್ತೆ ಮರ ಸೇರುತ್ತದೆ. ಈ ಹೋಗಿಬರುವಿಕೆ ನಿಮಗೆ ಮಗ್ಗಿಯಂತೆ ಬಾಯಿಪಾಠವಾಗಬೇಕು.

ಕನ್ನಡಿಗರಿಗೆ ಈ ರೂಢಿ ಮಾಡಿಸಿದ್ದು 1949ರಲ್ಲಿ ಕನ್ನಡಕ್ಕೆ ಬಂದ ‘ಚಂದಮಾಮ’. ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ ಹಿಡಿದ ರಾಜನ ಆ ಚಿತ್ರ ಬರೆದ ಶಂಕರ್ 2020ರಲ್ಲಿ ತೀರಿಕೊಂಡರು. ಮೂಲ ಕಥೆಗಳು ಮುಗಿದ ಮೇಲೂ ಪತ್ರಿಕೆ ಹೊಸ ಕಥೆ ಹೊಸೆದು ಬೇತಾಳವನ್ನು ಮರಕ್ಕೆ ಕಳಿಸುತ್ತಲೇ ಇತ್ತು. ಹಾಗಾಗಿ ನಮ್ಮಲ್ಲಿ ಎಷ್ಟೋ ಜನ ಬೇತಾಳವನ್ನು ಬಲ್ಲರು, ಕೊನೆಯನ್ನು ಬಲ್ಲವರು ಕಡಿಮೆ. ಆ ಕೊನೆ 11ನೆಯ ಶತಮಾನದ ಕಾಶ್ಮೀರದಲ್ಲಿ ಸೋಮದೇವ ಬರೆದ ‘ಕಥಾಸರಿತ್ಸಾಗರ’ದಲ್ಲಿದೆ.

ಹೆಜ್ಜೆಗುರುತಿನ ಹತ್ತಿರ ನಿಲ್ಲಿ

24ನೆಯ ಕಥೆಯಲ್ಲಿ ರಾಜ್ಯ ಕಳೆದುಕೊಂಡ ರಾಣಿ, ಮಗಳ ಜೊತೆ ಕಾಡು ಸೇರಿದ್ದಾಳೆ. ಹೆಂಡತಿ ಸತ್ತ ಒಬ್ಬ ನಾಯಕ, ಅವನ ಮಗ, ಇಬ್ಬರೂ ಬೇಟೆಗೆ ಬಂದವರು ನೆಲದ ಮೇಲೆ ಎರಡು ಜೋಡಿ ಹೆಜ್ಜೆ ಕಾಣುತ್ತಾರೆ. ದೊಡ್ಡ ಪಾದದವಳು ಅಪ್ಪನಿಗೆ, ಚಿಕ್ಕ ಪಾದದವಳು ಮಗನಿಗೆ ಎಂದು ಮಾತಾಗುತ್ತದೆ. ಹೋಗಿ ನೋಡಿದರೆ ದೊಡ್ಡ ಪಾದ ಮಗಳದು! ಆಡಿದ ಮಾತಿಗೆ ತಪ್ಪದೆ ಅಪ್ಪ ಮಗಳನ್ನೂ ಮಗ ತಾಯಿಯನ್ನೂ ಮದುವೆಯಾಗುತ್ತಾರೆ. ಹುಟ್ಟಿದ ಮಕ್ಕಳು ಒಬ್ಬರಿಗೊಬ್ಬರು ಏನಾಗಬೇಕು? ಇದು ಪ್ರಶ್ನೆ.

ಮುಂದೆ ಓದುವ ಮೊದಲು ಲೆಕ್ಕ ಹಾಕಿ ನೋಡಿ. ಒಮ್ಮೆ ನೈಟ್ ಶಿಫ್ಟಿನ ಟೀ ಹೊತ್ತಿನಲ್ಲಿ ಹಿರಿಯೂರು ಕಡೆಯ ಹೆಲ್ಪರ್ ಹುಡುಗನಿಗೆ ಇದನ್ನು ಹೇಳಿದ್ದೆ. ಅವನು ಕಬ್ಬಿಣದ ಶೀಟಿನ ಮೇಲೆ ಸೀಮೆಸುಣ್ಣದಿಂದ ವಂಶದ ಗೆರೆ ಎಳೆದ. ಎರಡೂ ಗಂಡುಮಕ್ಕಳಾದರೆ ಅಪ್ಪನ ಮಗು ಇನ್ನೊಂದಕ್ಕೆ ಚಿಕ್ಕಪ್ಪ. ಅದೇ ಇನ್ನೊಂದು ಮಗು ಆ ಚಿಕ್ಕಪ್ಪನಿಗೇ ಸೋದರಮಾವ! ಒರೆಸಿ ಮತ್ತೆ ಎಳೆದ, ಮತ್ತೆ ಅದೇ ಬಂತು. ಟೀ ಆರಿಹೋಗಿತ್ತು. “ಅಣ್ಣಾ, ಯಾವುದಂತ ಕರೆಯೋದು?” ಎಂದು ಸುಮ್ಮನೆ ಕೂತ. ಕಥೆ ಅವನಿಗೆ ದಕ್ಕಿದ್ದು ಆಗಲೇ.

ಮೌನಕ್ಕೆ ಕಿವಿಗೊಡಿ

ತ್ರಿವಿಕ್ರಮನೂ ಹಾಗೆಯೇ ಸುಮ್ಮನೆ ನಡೆಯುತ್ತಾನೆ. ನಿಜವಾಗಿಯೂ ಗೊತ್ತಿಲ್ಲದ್ದರಿಂದ ತಲೆ ಸಿಡಿಯುವುದಿಲ್ಲ, ಮಾತಾಡದ್ದರಿಂದ ಬೇತಾಳ ಹಾರುವುದಿಲ್ಲ. ರಾತ್ರಿಯಿಡೀ ತಿರುಗುತ್ತಿದ್ದ ಚಕ್ರ ನಿಲ್ಲುತ್ತದೆ. ಬೇತಾಳ ಮೆಚ್ಚಿ ನಿಜ ಬಿಚ್ಚುತ್ತದೆ: ಹೆಣ ತರಲು ಕಳಿಸಿದ ಭಿಕ್ಷು ರಾಜನನ್ನೇ ಬಲಿ ಕೊಡಲಿದ್ದಾನೆ. ಅವನು ಸಾಷ್ಟಾಂಗ ಬೀಳು ಅಂದಾಗ, ಹೇಗೆಂದು ನೀನೇ ತೋರಿಸು ಅನ್ನು. ಭಿಕ್ಷು ಬಾಗುತ್ತಾನೆ, ರಾಜನ ಕತ್ತಿ ಇಳಿಯುತ್ತದೆ.

ದೀರ್ಘ ಸರಣಿಯ ತಿರುವಿನ ಕಂತನ್ನು ಗುರುತಿಸುವುದು ಹೀಗೆ. ಅಲ್ಲಿಯವರೆಗೆ ಸರಣಿಯನ್ನು ಓಡಿಸಿದ್ದ ರೂಢಿಯೇ ಅಲ್ಲಿ ಮುರಿಯುತ್ತದೆ. ಷಿಕಾಗೊ ನಗರದ ಮಾಂತ್ರಿಕ ಪತ್ತೇದಾರನ ಬಗ್ಗೆ ಜಿಮ್ ಬುಚರ್ 2000ದಿಂದ ಬರೆಯುತ್ತಿರುವ ‘ಡ್ರೆಸ್ಡನ್ ಫೈಲ್ಸ್’ನಲ್ಲಿ ಮೊದಲ 11 ಕಾದಂಬರಿಗಳ ಹೆಸರಿನಲ್ಲಿ ಎರಡೆರಡು ಪದ. 2010ರ 12ನೆಯದು ‘ಚೇಂಜಸ್’, ಒಂದೇ ಪದ. ಒಳಗೆ ನಾಯಕನ ಆಫೀಸು, ಮನೆ, ಕಾರು ಒಂದೊಂದಾಗಿ ನಾಶವಾಗುತ್ತವೆ. ಓದುಗ ತನ್ನದೆಂದುಕೊಂಡಿದ್ದ ಮೂಲೆಗಳೇ ಇಲ್ಲವಾಗುತ್ತವೆ.

ಮತ್ತೆ ಮೊದಲಿಗೆ ಬನ್ನಿ

ಇದೇ ಕೊನೆಯ ಮೆಟ್ಟಿಲು, ತಪ್ಪಿಸಬೇಡಿ. ಆ ಭಿಕ್ಷು ಹತ್ತು ವರ್ಷ ದಿನಕ್ಕೊಂದರಂತೆ ರಾಜನಿಗೆ ಹಣ್ಣು ತಂದುಕೊಡುತ್ತಿದ್ದ, ಒಂದೊಂದರಲ್ಲೂ ರತ್ನ. ಮೊದಲ ಓದಿನಲ್ಲಿ ಅದು ಭಕ್ತಿಯಂತೆ ಕಂಡಿತ್ತು, ಈಗ ಗಾಳದ ಹುಳುವಾಗಿ ಕಾಣುತ್ತದೆ. ಬೇತಾಳ ಕೊಟ್ಟ ಕಾಟವೂ ಕಾಟವಾಗಿ ಉಳಿಯುವುದಿಲ್ಲ. ರಾಜ ಮೊದಲ ಸಲವೇ ಹೆಣ ತಲುಪಿಸಿದ್ದರೆ ಅವನ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಒಂದೊಂದು ಕಥೆಯೂ ಬಾಗಿಲ ಮೇಲಿನ ‘ನಾಳೆ ಬಾ’.

ಶಿಫ್ಟು ಮುಗಿಸಿ ಮನೆಗೆ ಹೋಗುವ ಮೆಟ್ರೊದಲ್ಲಿ ಮೊದಲನೆಯ ಕಥೆಯನ್ನು ಇನ್ನೊಮ್ಮೆ ತೆಗೆಯಿರಿ. ರಾಜ ಉತ್ತರ ಹೇಳಿಬಿಡುತ್ತಾನೆ, ಹೆಗಲು ಖಾಲಿಯಾಗುತ್ತದೆ. ಮೊದಲ ಸಲ ಓದುವಾಗ ‘ಅಯ್ಯೋ’ ಅಂದಿದ್ದಿರಿ. ಈ ಸಲ ‘ಸದ್ಯ, ಬದುಕಿದ’ ಅನ್ನುತ್ತೀರಿ.