ಚಿತಮಪಲ್ಲಿಯವರ ಪಕ್ಷಿನಾಮಗಳು

ಪನವೇಲಿನಿಂದ ಗೋವೆಯತ್ತ ಸಾಗುವವರಿಗೆ ಕರ್ನಾಳಾ ದುರ್ಗದ ಹೆಬ್ಬೆರಳಿನಂತಹ ಬಂಡೆ ದೂರದಿಂದಲೇ ಗೋಚರಿಸುತ್ತದೆ. ಅದರ ಸುತ್ತಲಿನ ಕಾಡು 1968ರಿಂದ ಪಕ್ಷಿಧಾಮವಾಗಿದೆ. ಡೊಂಬಿವಲಿ, ನವಿ ಮುಂಬಯಿಗಳ ಕನ್ನಡಿಗರಿಗೆ ಅದು ಒಂದು ಹಗಲಿನ ಪ್ರವಾಸ. ಆ ಧಾಮದ ಬೆಳವಣಿಗೆಗೆ ದುಡಿದ ಅರಣ್ಯಾಧಿಕಾರಿಗಳಲ್ಲಿ ಸೊಲ್ಲಾಪುರದ ಮಾರುತಿ ಚಿತಮಪಲ್ಲಿಯವರು (1932–2025) ಒಬ್ಬರು. ಮರಾಠಿ ಓದುಗರಿಗೆ ಕಾಡಿನ ಪರಿಚಯ ಮಾಡಿಕೊಟ್ಟವರೂ ಅವರೇ.

ಕಾಡಿಗೆ ಬಂದವನು ಮೊದಲು ಕೇಳುವುದು ಹಕ್ಕಿಯ ಹೆಸರನ್ನು. ಸಲೀಂ ಅಲಿಯವರು 1941ರ ತಮ್ಮ ಕೈಪಿಡಿಯಲ್ಲಿ ವರ್ಣಚಿತ್ರಗಳಿಂದಲೂ, ಗುಬ್ಬಿ ಮೈನಾಗಳ ಗಾತ್ರದ ಹೋಲಿಕೆಯಿಂದಲೂ ಗುರುತು ಹಿಡಿಯಲು ಕಲಿಸಿದರು. ಹೆಸರು ಮಾತ್ರ ಮುಖ್ಯವಾಗಿ ಇಂಗ್ಲಿಷಿನದು. ಚಿತಮಪಲ್ಲಿಯವರ ಹಾದಿ ಬೇರೆ. ಕಾಡುಜನರ ಬಾಯಲ್ಲಿದ್ದುದನ್ನೂ ಸಂಸ್ಕೃತ ಗ್ರಂಥಗಳಲ್ಲಿದ್ದುದನ್ನೂ ಅವರು ಅರಸಿ ತಂದರು. 'ಪಕ್ಷಿಕೋಶ'ದ ಹಿರಿಮೆ ಈ ಅರಸಾಟದಲ್ಲಿದೆ.

ಆದರೆ ಕಂಡದ್ದಕ್ಕೂ ಕೇಳಿದ್ದಕ್ಕೂ ನಡುವಣ ಗೆರೆ ಅವರ ಬರಹಗಳಲ್ಲಿ ಹಲವೊಮ್ಮೆ ಅಳಿಸಿಹೋಗುತ್ತದೆ. ಕಾಗೆ ಯಾವ ಮರದಲ್ಲಿ ಗೂಡು ಕಟ್ಟಿತೆಂಬುದರಿಂದ ಆ ವರ್ಷದ ಮಳೆಯನ್ನು ಊಹಿಸಬಹುದೆಂಬ ಜನಪದದ ನಂಬಿಕೆಯನ್ನು ಅವರು ಆದರದಿಂದಲೇ ಎತ್ತಿಹೇಳುತ್ತಾರೆ. ಕಥನಕ್ಕೆ ಇದು ಸೊಬಗು, ಮಾರ್ಗದರ್ಶಿಗೆ ತೊಡಕು.

ಅವರು ರೂಢಿಗೆ ತಂದ ಪದಗಳ ವಿಷಯದಲ್ಲಿಯೂ ಕನ್ನಡಿಗನ ಕಿವಿ ಒಂದೆಡೆ ತಡೆಯುತ್ತದೆ. ಕಾಗೆಗಳ ಸಾಮೂಹಿಕ ಗೂಡುದಾಣಕ್ಕೆ 'ಕಾಕಾಗಾರ' ಎಂದದ್ದು ಸಲೀಸಾಗಿದೆ. ಬಕಜಾತಿಯ ಹಕ್ಕಿಗಳದಕ್ಕೆ 'ಸಾರಂಗಾಗಾರ' ಎಂದಾಗಲೋ, ನಮ್ಮವರ ಕಣ್ಣಮುಂದೆ ಜಿಂಕೆಗಳೇ ಓಡುತ್ತವೆ! ಸಂಸ್ಕೃತದಲ್ಲಿ ಆ ಶಬ್ದಕ್ಕೆ ಅರ್ಥಗಳು ಹಲವಿರುವುದು ನಿಜ. ಕನ್ನಡದಲ್ಲಿ ಉಳಿದಿರುವುದು ಒಂದೇ. ಮಂಡ್ಯ ಜಿಲ್ಲೆಯವರು ಇಂತಹ ಪದವನ್ನು ಟಂಕಿಸುವ ಗೋಜಿಗೆ ಹೋಗದೆ, ಹಕ್ಕಿಯ ಹೆಸರನ್ನು ಊರಿಗೇ ಸೇರಿಸಿ ಕೊಕ್ಕರೆ ಬೆಳ್ಳೂರು ಎಂದುಬಿಟ್ಟರು.

ಹಾಗೆಂದು ಅವರ ಉದ್ಯಮವನ್ನು ಲಘುವಾಗಿ ಕಾಣಲಾಗದು. ಕರ್ನಾಳಾದ ಕಾಲುದಾರಿಯಲ್ಲಿ ಇಲ್ಲಿನ ಕನ್ನಡ ಮಕ್ಕಳು ಕಾಜಾಣವನ್ನು ಕೋತವಾಲನೆಂದೂ, ಮಿಂಚುಳ್ಳಿಯನ್ನು ಖಂಡ್ಯಾ ಎಂದೂ, ಮಡಿವಾಳ ಹಕ್ಕಿಯನ್ನು ದಯಾಳ್ ಎಂದೂ ಗುರುತಿಸಬಲ್ಲರು. ಮರಾಠಿ ತನ್ನ ಹಕ್ಕಿಗಳನ್ನು ತನ್ನ ಮಾತಿನಲ್ಲೇ ಕರೆಯುವುದಕ್ಕೆ ಚಿತಮಪಲ್ಲಿಯವರಂತಹವರ ಶ್ರಮ ಬೆನ್ನಿಗಿದೆ. ಕನ್ನಡದಲ್ಲಿ ಪೂರ್ಣಚಂದ್ರ ತೇಜಸ್ವಿಯವರ ಪಕ್ಷಿಗ್ರಂಥಗಳಿವೆ. ಮೇಲಿನ ಮೂರು ಕನ್ನಡ ಹೆಸರುಗಳೂ ಹೊಸದಾಗಿ ಕಟ್ಟಿದವಲ್ಲ. ಕರ್ನಾಳಾಕ್ಕೆ ಹೊರಡುವ ಮನೆಯ ಕೈಚೀಲಕ್ಕೆ ಅವು ಇನ್ನೂ ಸೇರಿಲ್ಲ, ಅಷ್ಟೆ.